ಗರಸಿನ ಮೇಲೆ ಎರಡು ಗಾಲಿ

ಚನ್ನಗಿರಿ ಸೀಮೆಯ ಬಸವಾಪಟ್ಟಣ ಹಳೆಯ ಊರು, ಪಾಳೆಯಗಾರರ ಕೋಟೆ ಕಂಡ ಊರು. 1687ರಲ್ಲಿ ಮೊಘಲರು ಸಿರಾವನ್ನು ಕೇಂದ್ರ ಮಾಡಿಕೊಂಡು ಸುಬಾ, ಅಂದರೆ ಪ್ರಾಂತ್ಯ, ರಚಿಸಿದಾಗ ಅದರ ಏಳು ಪರಗಣಗಳಲ್ಲಿ ಇದೂ ಒಂದಾಗಿತ್ತು. ಆದರೆ ಊರ ಸುತ್ತಲಿನ ಗುಡ್ಡಗಳ ಲೆಕ್ಕದಲ್ಲಿ ಮುನ್ನೂರು ನಾನೂರು ವರ್ಷ ಏನೇನೂ ಅಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಸೀಮೆಯ ಬಹುಭಾಗವನ್ನು ಭೂವಿಜ್ಞಾನಿಗಳು ಶಿವಮೊಗ್ಗ ಶಿಸ್ಟ್ ಪಟ್ಟಿಗೆ ಸೇರಿಸುತ್ತಾರೆ. ಇಲ್ಲಿನ ಕಲ್ಲು 250 ಕೋಟಿ ವರ್ಷಕ್ಕೂ ಹಿಂದಿನದು. ಶಿಸ್ಟ್ ಪದರ ಪದರವಾದ ಕಲ್ಲು. ಹಗಲ ಬಿಸಿಲಿಗೆ ಹಿಗ್ಗಿ, ರಾತ್ರಿ ಕುಗ್ಗಿ, ಪದರಗಳ ನಡುವೆ ಮಳೆನೀರು ಇಳಿದು ಅದು ಚಕ್ಕೆಯಾಗಿ ಬಿಡಿಸಿಕೊಳ್ಳುತ್ತದೆ. ನಡುನಡುವೆ ಸುಲಭಕ್ಕೆ ಸವೆಯದ ಬೆಣಚುಕಲ್ಲಿನ ಚೂರುಗಳು ಉಳಿಯುತ್ತವೆ. ನುಣ್ಣನೆಯ ಮಣ್ಣನ್ನು ಮಳೆ ಕೆಳಗಿನ ತೋಟಕ್ಕೋ ಕೆರೆಗೋ ಒಯ್ದ ಮೇಲೆ ಇಳಿಜಾರಿನಲ್ಲಿ ನಿಲ್ಲುವುದು ಗರಸು ಮಾತ್ರ.

ಈ ಗರಸಿನ ಮೇಲೆ ಸೈಕಲ್ ಓಡಿಸುವುದನ್ನು ಕಲಿಯಬೇಕು ಎನ್ನುವವರಿಗಾಗಿ ಈ ಅಧ್ಯಾಯ. ಗುಡ್ಡದ ಸೈಕಲ್ ಸವಾರಿಗೆ ಹಿಮಾಲಯಕ್ಕೆ ಹೋಗಬೇಕಿಲ್ಲ. ಬೆಂಗಳೂರಿನವರು ತುರಹಳ್ಳಿ, ಆವಲಹಳ್ಳಿಯ ಕಾಡಂಚಿನ ಜಾಡುಗಳಲ್ಲಿ ಕಲಿತಿದ್ದಾರೆ. ಅದೇ ಬೆಂಗಳೂರಿನ ಕಿರಣ್ ಕುಮಾರ್ ರಾಜು ಎಂಟಿಬಿಯಲ್ಲಿ, ಅಂದರೆ ಗುಡ್ಡದ ಸೈಕಲ್ (ಮೌಂಟನ್ ಬೈಕ್) ಸ್ಪರ್ಧೆಯಲ್ಲಿ, ರಾಷ್ಟ್ರೀಯ ಚಾಂಪಿಯನ್ ಆದರು. 2022ರಲ್ಲಿ ರಾಷ್ಟ್ರೀಯ ಎಂಟಿಬಿ ಸ್ಪರ್ಧೆ ನಡೆದದ್ದು ನಮ್ಮ ಗದಗದಲ್ಲಿ. 2023ರಲ್ಲಿ ಏಷ್ಯಾ ಮಟ್ಟದ ಸ್ಪರ್ಧೆ ನಡೆದದ್ದು ಕೇರಳದ ಪೊನ್ಮುಡಿಯಲ್ಲಿ. ಗುಡ್ಡವೂ ಇದೆ, ಜಾಡೂ ಇದೆ. ಇಲ್ಲದಿರುವುದು, ಗುಡ್ಡದ ಸೈಕಲ್‌ನ ಒಂದೊಂದು ಭಾಗವೂ ಹೀಗೇಕಿದೆ ಎಂದು ನಮ್ಮ ನೆಲವನ್ನೇ ತೋರಿಸಿ ಹೇಳುವ ಮಾತು. ಗುಡ್ಡದ ಜಾಡಿಗೆಂದೇ ಮಾಡಿದ ಟ್ರೈಲ್ ಸೈಕಲ್ ಎಂಬುದರ ಅರ್ಧ ವಿನ್ಯಾಸ ಕಾರ್ಖಾನೆಯಲ್ಲಿ ಮುಗಿದಿರುತ್ತದೆ. ಉಳಿದರ್ಧವನ್ನು ಸವಾರ ತನ್ನ ನೆಲ ನೋಡಿಕೊಂಡು ಮುಗಿಸಬೇಕು. ಆ ಕೆಲಸ ಶುರುವಾಗುವುದು ಪಂಪಿನಿಂದ.

ಪಂಕ್ಚರ್ ಅಂಗಡಿಯಲ್ಲಿ ಹವಾ ಹಾಕಿಸಿ ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡುವುದು ವಾಡಿಕೆ. ಬೆರಳು ಒಳಗೆ ಹೋಗದಿದ್ದರೆ ಸರಿ, ಹೋದರೆ ಇನ್ನಷ್ಟು. ಡಾಂಬರು ರಸ್ತೆಗೆ ಅದು ಒಳ್ಳೆಯ ಪರೀಕ್ಷೆ. ಗುಡ್ಡಕ್ಕೆ ಅದೇ ಮೊದಲ ತೊಡಕು. ಸವಾರನ ತೂಕ 70 ಕಿಲೋ, ಸೈಕಲ್ 14 ಕಿಲೋ ಎಂದುಕೊಳ್ಳಿ. ಸೀಟಿನ ಮೇಲೆ ಕೂತಾಗ ಹಿಂದಿನ ಗಾಲಿಯ ಪಾಲಿಗೆ ಹೆಚ್ಚುಕಡಿಮೆ 50 ಕಿಲೋ ಬರುತ್ತದೆ. ಟೈರಿನೊಳಗಿನ ಒತ್ತಡ 50 ಪಿಎಸ್‌ಐ ಇದ್ದರೆ, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು ಮೂರೂವರೆ ಕಿಲೋ ಇದ್ದರೆ, ಆ 50 ಕಿಲೋ ಹೊರಲು ಟೈರು ನೆಲಕ್ಕೆ ಒತ್ತಿಕೊಳ್ಳುವ ಜಾಗ ಸುಮಾರು 14 ಚದರ ಸೆಂಟಿಮೀಟರ್. ಒತ್ತಡವನ್ನು 25ಕ್ಕೆ ಇಳಿಸಿದರೆ ಅದು 28 ಚದರ ಸೆಂಟಿಮೀಟರ್ ಆಗುತ್ತದೆ. ಸೈಕಲ್ ಅದೇ, ಟೈರು ಅದೇ, ಖರ್ಚು ಇಲ್ಲ. ನೆಲದ ಮೇಲಿನ ಹಿಡಿತದ ಜಾಗ ಮಾತ್ರ ಇಮ್ಮಡಿ.

ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಚೆನ್ನಾಗಿ ಓದಿದವರು ಇಲ್ಲಿ ತಕರಾರು ತೆಗೆಯಬಹುದು. ಘರ್ಷಣೆಗೆ ತಾಗುವ ಜಾಗದ ಹಂಗಿಲ್ಲ, ಮೇಲಿನ ಭಾರ ಮತ್ತು ಮೇಲ್ಮೈಯ ಗುಣ ಮಾತ್ರ ಮುಖ್ಯ ಎಂದು ಪಾಠದಲ್ಲಿತ್ತು. ಗಟ್ಟಿ ವಸ್ತು ಗಟ್ಟಿ ವಸ್ತುವಿನ ಮೇಲೆ ಜಾರುವಾಗ ಆ ನಿಯಮ ತಕ್ಕಮಟ್ಟಿಗೆ ಸರಿ. ಆದರೆ ರಬ್ಬರು ಗಟ್ಟಿ ವಸ್ತುವಲ್ಲ, ಗರಸು ಅಲುಗದ ನೆಲವಲ್ಲ. ಗರಸಿನ ಮೇಲೆ ಸೈಕಲ್ ಜಾರಿತು ಎಂದಾಗ ಎಷ್ಟೋ ಸಲ ಜಾರಿರುವುದು ಟೈರು ಅಲ್ಲ. ಟೈರಿನ ಕೆಳಗಿನ ಕಲ್ಲು ತನ್ನ ಕೆಳಗಿನ ಕಲ್ಲಿನ ಮೇಲೆ ಉರುಳಿರುತ್ತದೆ. ಬಿಗಿಯಾದ ಟೈರು ಒಂದೆರಡು ಹರಳುಗಳ ಮೇಲೆ ಇಡೀ ಭಾರ ಹೇರಿ ಅವುಗಳನ್ನು ಕಿತ್ತುಬಿಡುತ್ತದೆ. ಮೆತ್ತಗಿನ ಟೈರು ಹತ್ತಾರು ಹರಳುಗಳನ್ನು ಒಟ್ಟಿಗೆ ಅವುಚಿಕೊಂಡು ಭಾರ ಹಂಚುತ್ತದೆ, ಟೈರಿನ ಗುಬ್ಬಿಗಳು ಸಂದುಗಳಲ್ಲಿ ಕೂರುತ್ತವೆ. ಆಗ ಕಲ್ಲುಗಳು ಒಂದಕ್ಕೊಂದು ಆತು ನಿಲ್ಲುತ್ತವೆ.

ಇನ್ನೊಂದು ತಪ್ಪು ತಿಳಿವಳಿಕೆಯೂ ಬೇರೂರಿದೆ. ಹವಾ ಕಡಿಮೆಯಾದರೆ ಸೈಕಲ್ ಭಾರವಾಗಿ ಓಡುತ್ತದೆ ಎಂಬುದು ನುಣುಪಾದ ರಸ್ತೆಯಲ್ಲಿ ನಿಜ, ಯಾಕೆಂದರೆ ಅಲ್ಲಿ ಶಕ್ತಿ ಸೋರುವುದು ರಬ್ಬರು ಬಾಗಿ ನೆಟ್ಟಗಾಗುವುದರಲ್ಲಿ. ಕಲ್ಲಿನ ದಾರಿಯಲ್ಲಿ ಸೋರಿಕೆಯ ದೊಡ್ಡ ಬಾಗಿಲು ಬೇರೆಯದೇ. ಬಿಗಿ ಟೈರು ಪ್ರತಿ ಕಲ್ಲಿಗೂ ಸವಾರನನ್ನೂ ಸೈಕಲನ್ನೂ ಎತ್ತಿ ಹಾಕುತ್ತದೆ. 84 ಕಿಲೋವನ್ನು ಒಂದೊಂದು ಸೆಂಟಿಮೀಟರ್ ಎತ್ತುವ ಆ ಶಕ್ತಿ ನಿಮ್ಮ ಕಾಲಿನಿಂದಲೇ ಬರಬೇಕು, ಅದು ಮುಂದಕ್ಕೆ ಹೋಗುವ ಬದಲು ಮೈ ಅಲುಗಾಟದಲ್ಲಿ ಕರಗುತ್ತದೆ. ಮೆತ್ತಗಿನ ಟೈರಿನಲ್ಲಿ ಕಲ್ಲು ಟೈರಿನೊಳಕ್ಕೆ ಒತ್ತುತ್ತದೆ, ಸೈಕಲ್ ಮಟ್ಟವಾಗಿ ಸಾಗುತ್ತದೆ.

ಹಾಗೆಂದು ಇಳಿಸುತ್ತಲೇ ಹೋಗುವಂತಿಲ್ಲ. ತೀರಾ ಇಳಿಸಿದರೆ ಚೂಪು ಕಲ್ಲು ರಿಮ್ಮಿಗೆ ಬಡಿಯುತ್ತದೆ, ನಡುವೆ ಸಿಕ್ಕ ಟ್ಯೂಬಿನಲ್ಲಿ ಅಕ್ಕಪಕ್ಕ ಎರಡು ತೂತು ಬೀಳುತ್ತವೆ. ಸುಮಾರು 2.2 ಇಂಚು ಅಗಲದ ಟೈರು, ಒಳಗೆ ಟ್ಯೂಬು, 70 ಕಿಲೋ ಆಸುಪಾಸಿನ ಸವಾರ ಎಂದರೆ ಮುಂದೆ 26, ಹಿಂದೆ 30 ಪಿಎಸ್‌ಐನಿಂದ ಆರಂಭಿಸಿ ಎರಡೆರಡೇ ಇಳಿಸಿ ನೋಡುವುದು ನನ್ನ ಸಲಹೆ. ಇದಕ್ಕೆ ಮೀಟರ್ ಇರುವ ಪಂಪು ಬೇಕೇ ಬೇಕು. ಹೊಸ ಸೈಕಲ್ ಕೊಳ್ಳುವವರು ಬಣ್ಣ, ಸ್ಟಿಕರ್ ನೋಡುವ ಮೊದಲು ಈ ಪಂಪಿಗೆ ದುಡ್ಡು ತೆಗೆದಿಡಲಿ. ದುಬಾರಿ ಸೈಕಲ್‌ಗಳ ವಾಲ್ವು ಸಣ್ಣದು, ಹಳ್ಳಿಯ ಪಂಪಿಗೆ ಹೊಂದುವುದಿಲ್ಲ. ಅದಕ್ಕೊಂದು ಹಿತ್ತಾಳೆಯ ಚಿಕ್ಕ ಅಡಾಪ್ಟರ್ ಬರುತ್ತದೆ, ಅದು ಸದಾ ಜೇಬಿನಲ್ಲಿರಲಿ.

ಹವಾ ಎಂದಮೇಲೆ ಮುಳ್ಳಿನ ಮಾತು ಬರಲೇಬೇಕು. ಬಸವಾಪಟ್ಟಣದಿಂದ ಜಗಳೂರಿನ ಕಡೆಗೆ ಸರಿದಷ್ಟೂ ನೆಲ ಒಣಗುತ್ತದೆ, ಬಳ್ಳಾರಿ ಜಾಲಿಯೂ ನೆಗ್ಗಿಲೂ ಹೆಚ್ಚುತ್ತವೆ. ಜಾಲಿಯ ಮುಳ್ಳು ಉದ್ದ, ಕಣ್ಣಿಗೆ ಕಾಣುತ್ತದೆ. ನೆಗ್ಗಿಲು ನೆಲಕ್ಕೆ ಹರಡುವ ಬಳ್ಳಿ, ಹಳದಿ ಹೂವಿನದು. ಅದರ ಕಾಯಿ ಒಣಗಿದಾಗ ಐದು ಹೋಳಾಗಿ ಒಡೆಯುತ್ತದೆ. ಪ್ರತಿ ಹೋಳಿಗೂ ಮುಳ್ಳು, ಅದು ಹೇಗೆ ಬಿದ್ದರೂ ಒಂದು ಮುಳ್ಳು ಮೇಲ್ಮುಖವಾಗಿ ನಿಲ್ಲುವ ಆಕಾರ. ಪ್ರಾಣಿಗಳ ಪಾದಕ್ಕೆ ಚುಚ್ಚಿಕೊಂಡು ಊರೂರು ತಿರುಗಿ ಬೀಜ ಹರಡಲು ಗಿಡ ಕಂಡುಕೊಂಡ ಉಪಾಯ ಇದು. ಪಾದದ ಜಾಗದಲ್ಲಿ ಈಗ ಟೈರು ಬಂದಿದೆ. ಇದೇ ಗಿಡ ಅಮೆರಿಕದ ಒಣ ಪ್ರಾಂತ್ಯಗಳಿಗೂ ಹಬ್ಬಿ ಅಲ್ಲಿನ ಸೈಕಲ್ ಸವಾರರ ನಿದ್ದೆ ಕೆಡಿಸಿದೆ. ಟ್ಯೂಬ್‌ಲೆಸ್ ಟೈರು ಗುಡ್ಡದ ಸೈಕಲ್‌ಗಳಲ್ಲಿ ಬಲುಬೇಗ ನೆಲೆಯೂರಿದ್ದಕ್ಕೆ ಇಂಥ ಮುಳ್ಳುಗಳೂ ಕಾರಣ. ಟೈರಿನೊಳಗೆ ಒಂದಿಷ್ಟು ರಬ್ಬರು ಹಾಲಿನ ದ್ರವ ಸುರಿದಿರುತ್ತಾರೆ. ಮುಳ್ಳು ಚುಚ್ಚಿದೊಡನೆ ಗಾಳಿ ಹೊರನುಗ್ಗುತ್ತದೆ, ದ್ರವವೂ ಅದರ ಜೊತೆ ತೂತಿಗೆ ನುಗ್ಗುತ್ತದೆ, ಅದರಲ್ಲಿ ತೇಲುವ ಕಣಗಳು ತೂತಿಗೆ ಅಡ್ಡಗಟ್ಟುತ್ತವೆ, ರಬ್ಬರು ಹಾಲು ಅಲ್ಲೇ ಹೆಪ್ಪುಗಟ್ಟಿ ಬೆಣೆಯಾಗುತ್ತದೆ. ನಮ್ಮ ಬೇಸಿಗೆಯಲ್ಲಿ ಈ ದ್ರವ ಬೇಗ ಒಣಗುವುದರಿಂದ ಕೆಲವು ತಿಂಗಳಿಗೊಮ್ಮೆ ಮತ್ತೆ ತುಂಬಬೇಕು. ಟ್ಯೂಬು ಇಲ್ಲದಿದ್ದರೆ ರಿಮ್ಮಿಗೆ ಬಡಿದು ಟ್ಯೂಬು ಹರಿಯುವ ಭಯವೂ ಇಲ್ಲ. ಹವಾವನ್ನು ಇನ್ನೂ ನಾಲ್ಕೈದು ಪಿಎಸ್‌ಐ ಇಳಿಸಬಹುದು. ಮುಳ್ಳಿಗೆಂದು ಬಂದದ್ದು ಹಿಡಿತಕ್ಕೂ ಒದಗಿತು.

ಇನ್ನು ಹತ್ತುವುದು. 2006-07ರಿಂದ ರಾಜ್ಯ ಸರ್ಕಾರ 8ನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡತೊಡಗಿತು. ಈಗ ಇಪ್ಪತ್ತರ ಹರೆಯದಲ್ಲಿರುವ ಎಷ್ಟೋ ಹಳ್ಳಿಯ ಹುಡುಗ ಹುಡುಗಿಯರ ಮೊದಲ ಸ್ವಂತ ಸೈಕಲ್ ಅದೇ. ಅದಕ್ಕೂ ಹಿಂದೆ ಮನೆಯಲ್ಲಿದ್ದದ್ದು ಅಟ್ಲಾಸೋ ಹೀರೋವೋ ಕಪ್ಪು ಸೈಕಲ್. ಏರು ಬಂದಾಗ ಈ ಸೈಕಲ್‌ಗಳಿಂದ ಇಳಿದು ತಳ್ಳಿದ್ದು ಕಾಲಿನಲ್ಲಿ ಕಸುವಿಲ್ಲದೆ ಅಲ್ಲ. ಮುಂದಿನ ಹಲ್ಲುಚಕ್ರದಲ್ಲಿ 44 ಹಲ್ಲು, ಹಿಂದೆ 18 ಎಂದಾದರೆ ಪೆಡಲ್ ಒಂದು ಸುತ್ತು ಬಂದಾಗ ಗಾಲಿ ಸುಮಾರು ಎರಡೂವರೆ ಸುತ್ತು ಬರುತ್ತದೆ, ಸೈಕಲ್ ಐದು ಮೀಟರಿಗೂ ಹೆಚ್ಚು ಮುಂದೆ ಹೋಗುತ್ತದೆ. ನೂರು ಮೀಟರಿಗೆ ಹತ್ತು ಮೀಟರ್ ಏರುವ ದಾರಿಯಲ್ಲಿ ನಿಮಿಷಕ್ಕೆ 60 ಸುತ್ತು ತುಳಿದರೆ ಬೇಕಾಗುವ ಶಕ್ತಿ 430 ವ್ಯಾಟ್ ದಾಟುತ್ತದೆ. ತರಬೇತಿ ಪಡೆದ ಸ್ಪರ್ಧಿಗಳಿಗೂ ಅದು ಕೆಲವೇ ನಿಮಿಷಗಳ ಮಾತು. ನಿಧಾನ ತುಳಿದರೆ ವ್ಯಾಟ್ ಇಳಿಯುತ್ತದೆ, ಆದರೆ ಪ್ರತಿ ತುಳಿತಕ್ಕೂ ಮಂಡಿಯ ಮೇಲೆ ಬೀಳುವ ಬಲ ಇಳಿಯುವುದಿಲ್ಲ.

ಇಂದಿನ ಟ್ರೈಲ್ ಸೈಕಲ್‌ನಲ್ಲಿ ಮುಂದೆ ಒಂದೇ ಚಕ್ರ, ಸಾಮಾನ್ಯವಾಗಿ 30 ಅಥವಾ 32 ಹಲ್ಲು. ಹಿಂದೆ ಹತ್ತರಿಂದ ಹನ್ನೆರಡು ಚಕ್ರಗಳ ಗೊಂಚಲು, ಅದರಲ್ಲಿ ದೊಡ್ಡದಕ್ಕೆ 50 ಹಲ್ಲಿನವರೆಗೂ ಇರುತ್ತದೆ. 32ಕ್ಕೆ 50 ಹಾಕಿದರೆ ಪೆಡಲ್ ಒಂದು ಸುತ್ತಿಗೆ ಸೈಕಲ್ ಒಂದೂವರೆ ಮೀಟರಿಗಿಂತ ಕಡಿಮೆ ಸಾಗುತ್ತದೆ. ಅದೇ ಏರಿನಲ್ಲಿ ಅದೇ 60 ಸುತ್ತಿಗೆ ಈಗ ಬೇಕಾಗುವುದು 120 ವ್ಯಾಟ್, ಗರಸಿನ ಅಡ್ಡಿ ಸೇರಿ 150 ಎನ್ನೋಣ. ವೇಗ ಗಂಟೆಗೆ ಐದು ಕಿಲೋಮೀಟರ್ ಚಿಲ್ಲರೆ, ಅಂದರೆ ನಡಿಗೆಯ ವೇಗ. ನಡಿಗೆಯ ವೇಗದಲ್ಲಿ ಹತ್ತುವುದಕ್ಕೆ ಸೈಕಲ್ ಯಾಕೆ ಎಂದು ಕೇಳುವವರಿಗೆ ನನ್ನ ಉತ್ತರ: ಅರ್ಧ ಗಂಟೆ ಹತ್ತಿದ ಮೇಲೂ ಉಸಿರು ಸ್ಥಿಮಿತದಲ್ಲಿರುತ್ತದೆ, ಮತ್ತು ಇಳಿಯುವಾಗ ಸೈಕಲ್ ನಿಮ್ಮ ಕೈಯಲ್ಲಿರುತ್ತದೆ. ಹತ್ತುವಾಗ ಸೀಟಿನ ಮುಂತುದಿಗೆ ಸರಿದು, ಎದೆಯನ್ನು ಹ್ಯಾಂಡಲಿನತ್ತ ಬಗ್ಗಿಸಿ. ಎದ್ದು ನಿಂತು ತುಳಿದರೆ ಹಿಂದಿನ ಗಾಲಿಯ ಮೇಲಿನ ಭಾರ ಕಡಿಮೆಯಾಗಿ ಅದು ಗರಸಿನಲ್ಲಿ ಸುಮ್ಮನೆ ತಿರುಗುತ್ತದೆ. ಪೂರಾ ಹಿಂದಕ್ಕೆ ಕೂತರೆ ಮುಂದಿನ ಗಾಲಿ ಎದ್ದುಬಿಡುತ್ತದೆ. ಇವೆರಡರ ನಡುವೆ ಒಂದು ಗೇಣಿನಷ್ಟು ಜಾಗವಿದೆ, ಅದನ್ನು ಸೊಂಟವೇ ಹುಡುಕಿಕೊಳ್ಳಬೇಕು.

ಗಾಲಿಯ ಗಾತ್ರದ ಬಗ್ಗೆ ಅಂಗಡಿಗಳಲ್ಲಿ ಬಹಳ ಮಾತು ನಡೆಯುತ್ತದೆ. 26 ಇಂಚು ಹೋಗಿ 29 ಬಂದಿದೆ. ಗಾಲಿ ದೊಡ್ಡದಾದಷ್ಟೂ ಕಲ್ಲಿಗೆ ಬಡಿಯುವ ಕೋನ ಮಟ್ಟಸವಾಗುತ್ತದೆ ಎಂಬುದು ನಿಜ, ಆದರೆ ಎಂಟು ಸೆಂಟಿಮೀಟರ್ ಎತ್ತರದ ಕಲ್ಲಿಗೆ ಲೆಕ್ಕ ಹಾಕಿದರೆ 26ರ ಕೋನ 40 ಡಿಗ್ರಿ, 29ರದ್ದು 38. ಎರಡು ಡಿಗ್ರಿಗಾಗಿ ಮನೆಯಲ್ಲಿರುವ ಒಳ್ಳೆಯ ಹಳೆಯ ಸೈಕಲನ್ನು ಮಾರುವ ಅಗತ್ಯ ನನಗೆ ಕಂಡಿಲ್ಲ. ಹೊಸದು ಕೊಳ್ಳುವುದಾದರೆ 29 ಇರಲಿ, ಕುಳ್ಳಗಿರುವವರಿಗೆ 27.5.

ಗಾತ್ರಕ್ಕಿಂತ ಹೆಚ್ಚು ಕುತೂಹಲದ ಸಂಗತಿ ಮುಂಭಾಗದ ಓರೆ. ಹ್ಯಾಂಡಲಿನಿಂದ ಫೋರ್ಕಿನ ಮೂಲಕ ನೆಲಕ್ಕೆ ಇಳಿಯುವ ಗೆರೆ ಡಾಂಬರು ರಸ್ತೆಯ ರೇಸ್ ಸೈಕಲ್‌ನಲ್ಲಿ 73 ಡಿಗ್ರಿ, ಬಹುತೇಕ ನೆಟ್ಟಗೆ. ಟ್ರೈಲ್ ಸೈಕಲ್‌ನಲ್ಲಿ 65ರಿಂದ 67 ಡಿಗ್ರಿ. ಆ ಗೆರೆಯನ್ನು ನೆಲದವರೆಗೆ ಎಳೆದರೆ, ಟೈರು ನೆಲ ಮುಟ್ಟುವ ಜಾಗ ಅದಕ್ಕಿಂತ ಹಿಂದೆ ಬೀಳುತ್ತದೆ. ರೇಸ್ ಸೈಕಲ್‌ನಲ್ಲಿ ಈ ಅಂತರ ಸುಮಾರು ಐದೂವರೆ ಸೆಂಟಿಮೀಟರ್, 66 ಡಿಗ್ರಿಯ ಟ್ರೈಲ್ ಸೈಕಲ್‌ನಲ್ಲಿ ಹನ್ನೊಂದು ಹನ್ನೆರಡು. ಅಂತರ ಹೆಚ್ಚಿದಷ್ಟೂ ಓಡುವಾಗ ಗಾಲಿ ತಾನಾಗಿ ನೇರಕ್ಕೆ ಮರಳುವ ಒಲವು ಹೆಚ್ಚು. ಕಲ್ಲು ಹ್ಯಾಂಡಲನ್ನು ಪಕ್ಕಕ್ಕೆ ತಿರುಚಿದರೂ ಅದು ಮತ್ತೆ ದಾರಿಗೆ ಬರುತ್ತದೆ. ಮುಂಗಾಲಿ ಸವಾರನಿಂದ ದೂರ ಇರುವುದರಿಂದ ಕಡಿದಾದ ಇಳಿಜಾರಿನಲ್ಲಿ ತಲೆಕೆಳಗಾಗುವ ಭಯವೂ ಕಡಿಮೆ. ಇದಕ್ಕೆ ತೆರುವ ಬೆಲೆ, ನಡಿಗೆಯ ವೇಗದಲ್ಲಿ ಏರುವಾಗ ಹ್ಯಾಂಡಲ್ ಅತ್ತಿತ್ತ ಹೊರಳುತ್ತದೆ. ಹೊಸಬರು ಅದನ್ನು ಸೈಕಲ್‌ನ ದೋಷವೆಂದುಕೊಂಡು ಗಾಬರಿಯಾಗುತ್ತಾರೆ. ಅದು ದೋಷವಲ್ಲ, ಇಳಿಯಲು ಮಾಡಿದ ಏರ್ಪಾಡಿನ ಇನ್ನೊಂದು ಮುಖ.

ಸೈಕಲ್ ಬೀಳದೆ ನಿಲ್ಲುವುದು ಹೇಗೆ ಎಂಬ ಪ್ರಶ್ನೆಗೆ ವಿಜ್ಞಾನ ಇಂದಿಗೂ ಒಂದೇ ಸಾಲಿನ ಉತ್ತರ ಕೊಟ್ಟಿಲ್ಲ. ತಿರುಗುವ ಗಾಲಿಯ ಗೈರೊ ಗುಣವೇ, ಅಂದರೆ ತಿರುಗುವಾಗ ತನ್ನ ಓರೆ ಬದಲಿಸಲು ಒಪ್ಪದ ಗುಣವೇ ಕಾರಣ ಎಂದು ಬಹುಕಾಲ ಹೇಳುತ್ತಿದ್ದರು. 1970ರಲ್ಲಿ ಬ್ರಿಟನ್ನಿನ ಡೇವಿಡ್ ಜೋನ್ಸ್ ಮುಂದೆ ಇನ್ನೊಂದು ಗಾಲಿ ಕೂರಿಸಿ ಅದನ್ನು ಉಲ್ಟಾ ತಿರುಗಿಸಿ ಆ ಗುಣವನ್ನು ಅಳಿಸಿಹಾಕಿದರು, ಆದರೂ ಸೈಕಲ್ ಓಡಿಸಲು ಬಂತು. ಮೇಲೆ ಹೇಳಿದ ಹಿಂದಿನ ಅಂತರವೇ ಗುಟ್ಟು ಎಂದು ಅವರು ತೀರ್ಮಾನಿಸಿದರು. 2011ರಲ್ಲಿ ಕಾರ್ನೆಲ್‌ನ ಆಂಡಿ ರುಯಿನಾ, ಡೆಲ್ಫ್ಟ್‌ನ ಅರೆಂಡ್ ಶ್ವಾಬ್ ಮತ್ತು ಸಂಗಡಿಗರು ಎರಡೂ ಗುಣಗಳಿಲ್ಲದ ಪುಟ್ಟ ಗಾಲಿಯ ಸೈಕಲ್ ಕಟ್ಟಿ ತಳ್ಳಿದರು. ಸವಾರನಿಲ್ಲದೆಯೂ ಅದು ಸಾವರಿಸಿಕೊಂಡು ಓಡಿತು. ಮುಂಭಾಗದ ಭಾರ ಹೇಗೆ ಹಂಚಿಕೆಯಾಗಿದೆ ಎಂಬುದೂ ಸೇರಿ ಹಲವು ಗುಣಗಳು ಕೂಡಿ ಮಾಡುವ ಕೆಲಸ ಇದು. ಎಲ್ಲದರ ಫಲ ಮಾತ್ರ ಒಂದೇ: ಸೈಕಲ್ ಯಾವ ಕಡೆ ವಾಲುತ್ತದೋ ಆ ಕಡೆಗೆ ಮುಂಗಾಲಿ ತಿರುಗುತ್ತದೆ, ವಾಲಿದ ಭಾರದ ಕೆಳಗೆ ಗಾಲಿ ಬಂದು ನಿಲ್ಲುತ್ತದೆ. ಆದ್ದರಿಂದ ಗರಸಿನ ಮೇಲೆ ಹ್ಯಾಂಡಲನ್ನು ಬಿಗಿಯಾಗಿ ಹಿಡಿದವರು ಸೈಕಲ್‌ನ ಈ ಸ್ವಂತ ಬುದ್ಧಿಯನ್ನೇ ಕಟ್ಟಿಹಾಕುತ್ತಾರೆ. ಹಿಡಿತ ಸಡಿಲವಿರಲಿ, ಮೊಣಕೈ ಹೊರಕ್ಕೆ ಬಾಗಿರಲಿ.

ತಿರುವಿನ ವಿಷಯದಲ್ಲಿ ನಮ್ಮ ಹಳ್ಳಿಯ ಕಲಿಕೆಗೆ ದೊಡ್ಡ ಬೆಲೆಯಿದೆ ಎಂದು ನಾನು ನಂಬುತ್ತೇನೆ. ಸೀಟು ಎಟುಕದ ವಯಸ್ಸಿನಲ್ಲಿ ಮಕ್ಕಳು ಅಪ್ಪನ ದೊಡ್ಡ ಸೈಕಲ್‌ನ ನಡುವಿನ ತ್ರಿಕೋನದಲ್ಲಿ ಕಾಲು ತೂರಿಸಿ ಒಳಪೆಡಲ್ ಹೊಡೆಯುತ್ತಿದ್ದರು. ನೋಡಿದವರಿಗೆ ಗೊತ್ತು: ಮಗು ಒಂದು ಪಕ್ಕ, ಸೈಕಲ್ ಇನ್ನೊಂದು ಪಕ್ಕಕ್ಕೆ ವಾಲಿರುತ್ತದೆ. ಎರಡೂ ಸೇರಿದ ಗುರುತ್ವ ಕೇಂದ್ರ ಮಾತ್ರ ಟೈರುಗಳ ಗೆರೆಯ ಮೇಲೇ ಇರುತ್ತದೆ. ಮೈ ಬೇರೆ, ಸೈಕಲ್ ಬೇರೆ, ಎರಡನ್ನೂ ಬೇರೆ ಬೇರೆ ಓರೆಯಲ್ಲಿ ಇಡಬಹುದು ಎಂಬ ತಿಳಿವು ಆ ಮಕ್ಕಳ ಮೈಗೆ ಹತ್ತಿಬಿಡುತ್ತದೆ. ಸಣ್ಣ ಸೈಕಲ್‌ನಲ್ಲಿ ಪಕ್ಕಗಾಲಿ ಹಾಕಿಕೊಂಡು ಕಲಿತವರಿಗೆ ಇದು ಸುಲಭಕ್ಕೆ ಬರುವುದಿಲ್ಲ. ಗರಸಿನ ತಿರುವಿನಲ್ಲಿ ಬೇಕಾಗುವುದು ಅದೇ. ಸೈಕಲನ್ನು ಒಳಕ್ಕೆ ವಾಲಿಸಿ, ಮೈಯನ್ನು ನೆಟ್ಟಗೆ ಇಟ್ಟು, ಹೊರಗಿನ ಪೆಡಲಿನ ಮೇಲೆ ಭಾರ ಹಾಕಬೇಕು. ಆಗ ಟೈರಿನ ಅಂಚಿನ ದಪ್ಪ ಗುಬ್ಬಿಗಳು ನೆಲಕ್ಕೆ ಕಚ್ಚುತ್ತವೆ. ಗಾಲಿ ತುಸು ಜಾರಿದರೂ ಮೈ ಅದರ ಜೊತೆ ಬೀಳದೆ ಮೇಲೇ ಇರುತ್ತದೆ.

ಹೀಗೆ ವಾಲಿಸಿದ್ದರಿಂದ ತಿರುವಿಗೆ ಬೇಕಾದ ಒಟ್ಟು ಹಿಡಿತ ಕಡಿಮೆಯಾಗುವುದಿಲ್ಲ, ಅದನ್ನು ತೀರ್ಮಾನಿಸುವುದು ವೇಗವೇ. ನಾಲ್ಕು ಮೀಟರ್ ತ್ರಿಜ್ಯದ ತಿರುವನ್ನು ಗಂಟೆಗೆ 12 ಕಿಲೋಮೀಟರ್ ವೇಗದಲ್ಲಿ ಹಾಯಲು ಭಾರದ ಕಾಲುಭಾಗಕ್ಕಿಂತ ತುಸು ಹೆಚ್ಚಿನ ಪಕ್ಕಬಲ ಸಾಕು. 18ಕ್ಕೆ ಏರಿಸಿದರೆ ಭಾರದ ಮೂರರಲ್ಲಿ ಎರಡು ಪಾಲು ಬೇಕು. ಸಡಿಲ ಗರಸು ಅರ್ಧದಷ್ಟು ಕೊಟ್ಟರೆ ಹೆಚ್ಚು. ಹಾಗಾಗಿ ವೇಗ ಇಳಿಸುವ ಕೆಲಸ ತಿರುವಿಗೆ ಮುಂಚೆ ಮುಗಿದಿರಬೇಕು.

ಸಸ್ಪೆನ್ಷನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಟ್ರೈಲ್ ಸೈಕಲ್‌ನ ಮುಂಫೋರ್ಕು 120ರಿಂದ 150 ಮಿಲಿಮೀಟರ್ ಕುಗ್ಗುತ್ತದೆ. ಶುರು ಮಾಡುವವರಿಗೆ ಮುಂದೆ ಮಾತ್ರ ಸಸ್ಪೆನ್ಷನ್ ಇದ್ದರೆ ಸಾಕು, 100 ಮಿಲಿಮೀಟರ್ ಇದ್ದರೂ ನಡೆಯುತ್ತದೆ, ಹಿಂದಿನದಕ್ಕೆ ಮಂಡಿಗಳಿವೆ. ಫೋರ್ಕಿನಲ್ಲಿ ಸ್ಪ್ರಿಂಗಿಗಿಂತ ಮುಖ್ಯವಾದದ್ದು ಅದರ ವಾಪಸಾತಿಯನ್ನು ತಡೆಯುವ ಎಣ್ಣೆಯ ಡ್ಯಾಂಪರ್. ಅಗ್ಗದ ಫೋರ್ಕುಗಳಲ್ಲಿ ಅದು ಇರುವುದಿಲ್ಲ. ಅಂಗಡಿಯಲ್ಲಿ ಹ್ಯಾಂಡಲನ್ನು ಜೋರಾಗಿ ಕೆಳಗೆ ಒತ್ತಿ ಬಿಡಿ. ಪಟ್ಟನೆ ಮೇಲೆ ಚಿಮ್ಮಿದರೆ ಅದು ಕಲ್ಲಿನ ಮೇಲೂ ನಿಮ್ಮನ್ನು ಚಿಮ್ಮಿಸುತ್ತದೆ. ಅಗ್ಗದ ಬೆಲೆಗೆ ಹಿಂದೆಯೂ ಮುಂದೆಯೂ ಸ್ಪ್ರಿಂಗ್ ಇಟ್ಟ ಗೇರ್ ಸೈಕಲ್‌ಗಳು ತೂಕ ಹೆಚ್ಚಿಸುತ್ತವೆಯೇ ಹೊರತು ಇನ್ನೇನನ್ನೂ ಕೊಡುವುದಿಲ್ಲ. ಅದೇ ದುಡ್ಡಿಗೆ ಒಳ್ಳೆಯ ಬ್ರೇಕು ಇರುವ ಸರಳ ಸೈಕಲ್ ಸಿಗುತ್ತದೆ. ಹೆಲ್ಮೆಟ್ಟಿಗೂ ಅದರಲ್ಲೇ ಉಳಿಯುತ್ತದೆ. ಅದು ಇಲ್ಲದೆ ಗುಡ್ಡದ ಮಾತೇ ಬೇಡ.

ಬ್ರೇಕಿನ ಕಥೆ ಈ ಆಟದ ಹುಟ್ಟಿನ ಕಥೆಯೂ ಹೌದು. ಕ್ಯಾಲಿಫೋರ್ನಿಯಾದ ಟಮಲ್ಪಾಯಿಸ್ ಬೆಟ್ಟದ ಬುಡದ ಊರುಗಳಲ್ಲಿ 1970ರ ದಶಕದಲ್ಲಿ ಕೆಲವು ಯುವಕರು 1930-40ರ ಕಾಲದ ದಪ್ಪ ಟೈರಿನ ಹಳೆಯ ಸೈಕಲ್‌ಗಳನ್ನು ರಿಪೇರಿ ಮಾಡಿಕೊಂಡು ಮಣ್ಣಿನ ಇಳಿಜಾರುಗಳಲ್ಲಿ ಬಿಡತೊಡಗಿದರು. 1976ರ ಅಕ್ಟೋಬರ್ 21ರಂದು ಅವರ ಮೊದಲ ಸ್ಪರ್ಧೆ ನಡೆಯಿತು. ಮೂರು ಕಿಲೋಮೀಟರ್ ಚಿಲ್ಲರೆ ದೂರದಲ್ಲಿ ಸುಮಾರು 400 ಮೀಟರ್ ಇಳಿತ. ಬ್ರೇಕ್ ಇದ್ದದ್ದು ಹಿಂದಿನ ಹಬ್ಬಿನೊಳಗೆ ಮಾತ್ರ, ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವಂಥದ್ದು. ಒಂದು ಇಳಿತ ಮುಗಿಯುವಷ್ಟರಲ್ಲಿ ಹಬ್ಬಿನ ಗ್ರೀಸು ಕಾದು ಹೊಗೆಯಾಗಿ ಹೋಗಿರುತ್ತಿತ್ತು, ಮುಂದಿನ ಇಳಿತಕ್ಕೆ ಹೊಸದಾಗಿ ತುಂಬಬೇಕಾಗುತ್ತಿತ್ತು. ಆ ಗುಂಪಿನ ಜೋ ಬ್ರೀಜ್ 1977ರಲ್ಲಿ ಗುಡ್ಡಕ್ಕೆಂದೇ ಹೊಸ ಚೌಕಟ್ಟು ಕಟ್ಟಿದರು. ಗ್ಯಾರಿ ಫಿಶರ್, ಚಾರ್ಲಿ ಕೆಲ್ಲಿ, ಟಾಮ್ ರಿಚಿ ಅದನ್ನು ವ್ಯಾಪಾರವಾಗಿಸಿದರು. 1996ರ ಅಟ್ಲಾಂಟಾ ಒಲಿಂಪಿಕ್ಸ್ ಹೊತ್ತಿಗೆ ಅದು ಪದಕದ ಆಟ.

ಆ ಗ್ರೀಸು ಯಾಕೆ ಹೊಗೆಯಾಯಿತು? 84 ಕಿಲೋ ಭಾರ 100 ಮೀಟರ್ ಎತ್ತರದಿಂದ ಇಳಿದಾಗ ಬಿಡುಗಡೆಯಾಗುವ ಶಕ್ತಿ ಸುಮಾರು 82 ಸಾವಿರ ಜೂಲ್. ಕಾಲು ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರಲು ಅಷ್ಟು ಸಾಕು. 400 ಮೀಟರಿಗೆ ಒಂದು ಲೀಟರ್. ಒಂದು ಪಾಲನ್ನು ಗಾಳಿಯೂ ನೆಲವೂ ತಿನ್ನುತ್ತವೆ, ಮಿಕ್ಕಿದ್ದೆಲ್ಲ ಮುಚ್ಚಿದ ಹಬ್ಬಿನೊಳಗೆ ಶಾಖವಾಗಿ ಸೇರಿಕೊಳ್ಳುತ್ತಿತ್ತು. ಡಿಸ್ಕ್ ಬ್ರೇಕಿನ ತಟ್ಟೆ ತೆಳ್ಳಗೆ, ತೂತುತೂತಾಗಿ, ಗಾಳಿಗೆ ತೆರೆದು ನಿಂತಿರುವುದು ಈ ಶಾಖಕ್ಕಾಗಿಯೇ. ನಿರಂತರವಾಗಿ ಮೆತ್ತಗೆ ಹಿಡಿದುಕೊಂಡೇ ಇಳಿದರೆ ತಟ್ಟೆ ಆರಲು ಬಿಡುವೇ ಸಿಗುವುದಿಲ್ಲ. ಹಿಡಿದು ಬಿಟ್ಟು, ಹಿಡಿದು ಬಿಟ್ಟು ಇಳಿಯಬೇಕು.

ಮುಂದಿನ ಬ್ರೇಕ್ ಹಿಡಿಯಬೇಡ, ಪಲ್ಟಿ ಹೊಡೀತೀಯ ಎಂದು ನಮ್ಮಲ್ಲಿ ಮಕ್ಕಳಿಗೆ ಹೇಳಿಕೊಡುತ್ತಾರೆ. ಗುಡ್ಡದಲ್ಲಿ ಈ ಮಾತು ಅಪಾಯಕಾರಿ. ನೂರಕ್ಕೆ ಇಪ್ಪತ್ತು ಇಳಿಯುವ ಗರಸಿನ ದಾರಿಯನ್ನು ತೆಗೆದುಕೊಳ್ಳೋಣ. ಇಳಿಜಾರಿನಲ್ಲಿ ಭಾರ ಮುಂದಕ್ಕೆ ಬಂದಿರುತ್ತದೆ, ಹಿಂಗಾಲಿಗೆ ಉಳಿಯುವುದು ಒಟ್ಟು ಭಾರದ ಮೂರನೆಯ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು. ಗರಸು ಅದರ ಅರ್ಧದಷ್ಟು ಹಿಡಿತ ಕೊಟ್ಟರೂ ಸಿಗುವ ತಡೆ ನಿಮ್ಮನ್ನು ಕೆಳಕ್ಕೆಳೆಯುವ ಬಲಕ್ಕಿಂತ ಕಡಿಮೆ. ಅಂದರೆ ಹಿಂದಿನ ಬ್ರೇಕನ್ನು ಪೂರ್ತಿ ಹಿಡಿದರೂ ವೇಗ ಇಳಿಯುವ ಬದಲು ಏರುತ್ತಲೇ ಇರಬಹುದು. ನಿಲ್ಲಿಸುವ ಶಕ್ತಿ ಇರುವುದು ಮುಂದಿನ ಗಾಲಿಯಲ್ಲಿ. ಪಲ್ಟಿಯ ಭಯ ನಿಜವೇ, ಆದರೆ ಅದು ಎಲ್ಲ ಕಡೆಗೂ ಒಂದೇ ಸಮ ಅಲ್ಲ. ಗಟ್ಟಿ ಹಾಸುಬಂಡೆಯ ಮೇಲೆ ಟೈರು ಜಾರುವುದಿಲ್ಲ, ಆದ್ದರಿಂದ ಅಲ್ಲಿ ಮುಂದಿನ ಬ್ರೇಕನ್ನು ಒಮ್ಮೆಲೇ ಹಿಡಿದರೆ ಸವಾರ ಮಗುಚುತ್ತಾನೆ. ಗರಸಿನ ಮೇಲೆ ಮಗುಚುವ ಹಂತ ತಲುಪುವ ಮೊದಲೇ ಮುಂಗಾಲಿ ಕಟ್ಟಿಕೊಂಡು ಜಾರಿ ಪಕ್ಕಕ್ಕೆ ಕೆಡವುತ್ತದೆ. ಎರಡಕ್ಕೂ ಮದ್ದು ಒಂದೇ: ಒಂದೇ ಬೆರಳಿನಿಂದ, ನಿಧಾನವಾಗಿ ಹೆಚ್ಚಿಸುತ್ತ ಒತ್ತುವುದು, ಪೆಡಲ್‌ಗಳನ್ನು ಸಮಮಟ್ಟದಲ್ಲಿಟ್ಟು ನಿಂತು, ಸೊಂಟವನ್ನು ಸೀಟಿನ ಹಿಂದಕ್ಕೆ ತಗ್ಗಿಸುವುದು. ಬಲಗೈಯದು ಮುಂದಿನ ಬ್ರೇಕು ಎಂಬುದನ್ನು ಹೊರಡುವ ಮೊದಲೇ ಒತ್ತಿ ನೋಡಿ ಖಾತ್ರಿ ಮಾಡಿಕೊಳ್ಳಿ, ಹೊರದೇಶದ ಸೈಕಲ್‌ಗಳಲ್ಲಿ ಕೆಲವೊಮ್ಮೆ ಅದಲುಬದಲಾಗಿರುತ್ತದೆ.

ಎಲ್ಲಿ ಶುರು ಮಾಡುವುದು? ಭದ್ರಾ ಬಲದಂಡೆ ನಾಲೆ ಚನ್ನಗಿರಿ ತಾಲ್ಲೂಕನ್ನು ಹಾಯ್ದು ಹೋಗುತ್ತದೆ. ಚಾನಲ್ ಪಕ್ಕದ ಏರಿಯ ದಾರಿ ಬಹುತೇಕ ಮಟ್ಟಸ, ಗರಸು ಹಾಸಿದ್ದು, ವಾಹನ ಕಡಿಮೆ. ಹವಾ ಎಷ್ಟಿರಬೇಕು ಎಂಬ ಪ್ರಯೋಗಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಸಿಗದು. ನೀರಿನ ಕಡೆಯ ಅಂಚು ಬಿಟ್ಟು ಆಚೆ ಮಗ್ಗುಲಲ್ಲಿ ಓಡಿಸಬೇಕು ಅಷ್ಟೆ. ಅಡಿಕೆ ತೋಟಗಳ ನಡುವಿನ ದಾರಿ ತಂಪಾಗಿರುತ್ತದೆ ನಿಜ, ಆದರೆ ಅಲ್ಲಿ ಬಿದ್ದ ಹಸಿ ಹಾಳೆಯ ಮೇಲೆ ಗಾಲಿ ಹತ್ತಿದರೆ ಯಾವ ಟೈರೂ ನಿಲ್ಲುವುದಿಲ್ಲ. ಹರಿದ್ರಾ ಹಳ್ಳಕ್ಕೆ ಎರಡು ಗುಡ್ಡಗಳ ನಡುವೆ ಏರಿ ಕಟ್ಟಿ ಮಾಡಿದ ಸೂಳೆಕೆರೆ, ಅಂದರೆ ಶಾಂತಿಸಾಗರ, ಹತ್ತಿರದಲ್ಲೇ ಇದೆ. ಅದರ ಸುತ್ತಲಿನ ಮಣ್ಣಿನ ದಾರಿಗಳಲ್ಲಿ ಏರಿಳಿತಗಳ ಮೊದಲ ಪರಿಚಯ ಆಗುತ್ತದೆ.

ಮಳೆಗಾಲದಲ್ಲಿ ಮಣ್ಣಿನ ಬಣ್ಣ ನೋಡಿ ದಾರಿ ಆರಿಸಬೇಕು. ಹೊನ್ನಾಳಿ ಕಡೆಯ ಎರೆ ಭೂಮಿಯ ಜೇಡಿಗೆ ನೀರು ಬಿದ್ದರೆ ಅದರ ಹರಳುಗಳ ಪದರಗಳ ನಡುವೆಯೇ ನೀರು ಸೇರಿಕೊಂಡು ಉಬ್ಬುತ್ತದೆ. ನೂರು ಮೀಟರ್ ಹೋಗುವಷ್ಟರಲ್ಲಿ ಟೈರಿಗೆ ಮೆತ್ತಿ, ಫೋರ್ಕಿನ ಸಂದಿಗೆ ತುಂಬಿ ಗಾಲಿಯೇ ನಿಂತುಹೋಗುತ್ತದೆ. ಬೇಸಿಗೆಯಲ್ಲಿ ಅದೇ ಮಣ್ಣು ಬಿರಿದು ಟೈರು ಸಿಕ್ಕಿಕೊಳ್ಳುವಷ್ಟು ಅಗಲದ ಬಿರುಕು ಬಿಡುತ್ತದೆ. ಗುಡ್ಡದ ಬುಡದ ಕೆಂಪು ಮಣ್ಣಿನ ಜೇಡಿ ಹಾಗೆ ಉಬ್ಬುವ ಜಾತಿಯದಲ್ಲ. ಮಳೆ ನಿಂತು ಒಂದು ದಿನ ಕಳೆದ ಗರಸು, ಇಡೀ ವರ್ಷದಲ್ಲೇ ಅತ್ಯುತ್ತಮ ನೆಲ: ಸ್ವಲ್ಪ ತೇವ ಹರಳುಗಳನ್ನು ಹಿಡಿದಿಟ್ಟಿರುತ್ತದೆ.

ಗುಡ್ಡಗಳಲ್ಲಿ ಕರಡಿ, ಚಿರತೆ ಇವೆ. ಸೈಕಲ್ ಸದ್ದಿಲ್ಲದೆ ಹತ್ತಿರ ಬಂದು ಕರಡಿಯನ್ನು ಬೆಚ್ಚಿಬೀಳಿಸುವುದೇ ದೊಡ್ಡ ಅಪಾಯ. ಹ್ಯಾಂಡಲಿಗೆ ಬೆಲ್ಲು ಕಟ್ಟಿ, ಬೆಳಕು ಹರಿದ ಮೇಲೆ ಹೋಗಿ, ಕತ್ತಲಾಗುವ ಮೊದಲು ಇಳಿದುಬಿಡಿ, ಒಬ್ಬರೇ ಹೋಗಬೇಡಿ. ಕಾಡಿನ ಗಡಿ ದಾಟುವುದಾದರೆ ಅರಣ್ಯ ಇಲಾಖೆಯನ್ನು ಕೇಳಬೇಕು. ಜಗಳೂರಿನ ರಂಗಯ್ಯನದುರ್ಗ 2011ರಿಂದ ಕೊಂಡುಕುರಿಗಳ ವನ್ಯಧಾಮ. ನಾಲ್ಕು ಕೊಂಬಿನ ಆ ನಾಚಿಕೆಯ ಪ್ರಾಣಿಗೆ ಉಳಿದಿರುವ ಜಾಗವೇ ಕಡಿಮೆ, ಅಲ್ಲಿ ಸೈಕಲ್ ಒಯ್ಯುವುದು ಬೇಡ. ಹಳೆಯ ಕೋಟೆಗಳ ಮೆಟ್ಟಿಲು, ಗೋಡೆಗಳ ಮೇಲೂ ಬೇಡ.

ಗುಡ್ಡದಲ್ಲಿ ಯಾವ ಜಾಡು ಹಿಡಿಯಬೇಕು ಎಂಬುದಕ್ಕೆ ನೀರಿನ ಲೆಕ್ಕವಿದೆ. ಇಳಿಜಾರಿಗೆ ನೇರವಾಗಿ ಇಳಿದ ಜಾಡಿನಲ್ಲಿ ಹಿಂಗಾಲಿ ಕಟ್ಟಿಕೊಂಡು ಗೀರಿದರೆ ಮೊದಲ ಮಳೆಗೆ ಆ ಗೀರೇ ಕಾಲುವೆಯಾಗುತ್ತದೆ, ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಕೊರಕಲು. ಅಲ್ಲಿಂದ ಕೊಚ್ಚಿದ ಮಣ್ಣು ಕೆರೆಯ ಹೂಳಾಗುತ್ತದೆ. ಜಗತ್ತಿನಾದ್ಯಂತ ಸೈಕಲ್ ಜಾಡು ಕಟ್ಟುವವರು ಪಾಲಿಸುವ ಸೂತ್ರ ಒಂದಿದೆ: ಜಾಡಿನ ಇಳಿತ, ಅದು ಹಾಯುವ ಗುಡ್ಡದ ಇಳಿತದ ಅರ್ಧವನ್ನು ಮೀರಬಾರದು. ಹಾಗಿದ್ದರೆ ನೀರು ಜಾಡಿನುದ್ದಕ್ಕೂ ಹರಿಯದೆ ಅಡ್ಡ ದಾಟಿ ಹೋಗುತ್ತದೆ. ಬಸವಾಪಟ್ಟಣದ ಸುತ್ತ ದನ, ಕುರಿ ಮೇಯಿಸುವವರ ಹಳೆಯ ಜಾಡುಗಳು ಗುಡ್ಡಕ್ಕೆ ಹೀಗೆಯೇ ಅಡ್ಡಡ್ಡ ಸುತ್ತಿಕೊಂಡು ಹತ್ತುತ್ತವೆ. ಹೊಸಬರಿಗೆ ಹತ್ತಲೂ ಇಳಿಯಲೂ ಅವೇ ಸರಿ. ನಡುವೆ ನೇರ ಇಳಿಜಾರು ಎದುರಾದರೆ ಇಳಿದು ಸೈಕಲನ್ನು ಹೆಗಲಿಗೆ ಹಾಕಿಕೊಂಡು ದಾಟಿ. ಎದುರಿಗೆ ಕುರಿ ಮಂದೆ ಬಂದರೆ ಇಳಿಜಾರಿನ ಕೆಳಮಗ್ಗುಲಿಗೆ ಸರಿದು ನಿಂತು ದಾರಿ ಬಿಡಿ. ಮುಂದಿನ ದಾರಿ ಹೇಗಿದೆ, ಯಾವ ಹಳ್ಳದಲ್ಲಿ ನೀರಿದೆ, ಕರಡಿ ಯಾವ ಕಡೆ ಕಂಡಿತ್ತು ಎಂದು ಮಂದೆಯವರನ್ನೇ ಕೇಳಿ.